ಅತ್ತೆಯ 1,200 ರೂಪಾಯಿ

ಬೆಳಿಗ್ಗೆ ಆರೂವರೆಗೆ ಚಿಕ್ಕಪ್ಪ ಮನೆ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. 'ಕಂಪನಿ ಡಿವಿಡೆಂಡ್‌ಗೆ (ಶೇರುದಾರರಿಗೆ ಹಂಚುವ ಲಾಭಕ್ಕೆ) ತೆರಿಗೆ ಇಲ್ಲ, ಆದಾಯ ತೆರಿಗೆ ಕಾಯ್ದೆ ಸೆಕ್ಷನ್ 10(34). ರಿಟರ್ನ್‌ನಲ್ಲಿ ತೋರಿಸಲೇಬೇಡಿ. ಹಿರಿಯರಿಗೆ ತಲುಪಿಸಿ.' ಕೆಳಗೆ ಅವರದೇ ಸಾಲು: 'ನಾನು ಆಗಲೇ ಹೇಳಿದ್ದೆ.'

ಭಾವ: ಎಲ್ಲಿಂದ ಬಂತು ಇದು? ಯಾವ ವರ್ಷದ್ದು?

ಚಿಕ್ಕಪ್ಪ: ನಾನು ಏನು ಹಾಕಿದರೂ ನಿನಗೆ ಅನುಮಾನ. ಮದುವೆ ಛತ್ರ ಬುಕ್ ಮಾಡಿದಾಗಲೂ ನೀನು ರಸೀದಿ ಕೇಳಿದ್ದೆ.

ದೊಡ್ಡಪ್ಪ: ಬಂದ ದುಡ್ಡು ಮುಚ್ಚಿಡಬಾರದು. ಅಪ್ಪ ನಾಲ್ಕಾಣೆಗೂ ಲೆಕ್ಕ ಬರೆದಿಡುತ್ತಿದ್ದರು.

ಶಿವಮೊಗ್ಗದ ಅಕ್ಕ: ಅಜ್ಜನಿಗೆ ಡಿವಿಡೆಂಡ್ ವಾರಂಟ್, ಅದೇ ಆ ಚೆಕ್ಕಿನಂಥ ಚೀಟಿ, ಅಂಚೆಯಲ್ಲಿ ಬರುತ್ತಿತ್ತು ಅಲ್ವಾ? ಹದಿನೆಂಟು ರೂಪಾಯಿ ಇದ್ದರೂ ಬ್ಯಾಂಕಿಗೆ ನಡೆದೇ ಹೋಗುತ್ತಿದ್ದರು. ಬರುವಾಗ ನಮಗೆ ಬೆಣ್ಣೆ ಬಿಸ್ಕತ್ತು!

ಚಿಕ್ಕಪ್ಪ: ಆ ಶೇರು ಸರ್ಟಿಫಿಕೇಟ್ ಈಗ ಯಾರ ಬೀರುವಿನಲ್ಲಿವೆ ಅಂತಲೂ ಅಣ್ಣ ಹೇಳಲಿ.

ಆಮೇಲೆ ನಲವತ್ತು ಮೆಸೇಜು ಬರೀ ಬೀರುವಿನ ಮೇಲೆ. ಅವುಗಳ ನಡುವೆ ಅತ್ತೆಯ ಒಂದೇ ಸಾಲು ಇತ್ತು: 'ನನಗೆ ಒಂದೇ ಕಂಪನಿಯಿಂದ 12,000 ಡಿವಿಡೆಂಡ್ ಬರಬೇಕಿತ್ತು. ತೆರಿಗೆ ಅಂತ 1,200 ಹಿಡಿದುಕೊಂಡಿದ್ದಾರೆ. ತೋರಿಸಬೇಕಾ?' ಯಾರೂ ಉತ್ತರ ಕೊಟ್ಟಿರಲಿಲ್ಲ. ನನಗೆ ಸಂಕಟವಾಯಿತು.

ನಾನು: ಅತ್ತೆ, ತೋರಿಸಲೇಬೇಕು. ಚಿಕ್ಕಪ್ಪ ಹಾಕಿದ್ದು ಹಳೇ ಮಾತು. 2020ರ ಮಾರ್ಚ್‌ವರೆಗೆ ಡಿವಿಡೆಂಡ್ ಹಂಚುವಾಗ ಕಂಪನಿಯೇ ತೆರಿಗೆ ಕಟ್ಟುತ್ತಿತ್ತು. ಅದಕ್ಕೇ ನಮಗೆ ವಿನಾಯಿತಿ ಇತ್ತು. ಆಗಲೂ ರಿಟರ್ನ್ ಹಾಕುವವರು ವಿನಾಯಿತಿ ಆದಾಯದ ಜಾಗದಲ್ಲಿ ಅದನ್ನು ಬರೆಯಬೇಕಿತ್ತು. ತೆರಿಗೆ ಇಲ್ಲ ಅನ್ನುವುದು ಬೇರೆ, ತೋರಿಸಬೇಡಿ ಅನ್ನುವುದು ಬೇರೆ. 2020ರ ಏಪ್ರಿಲ್‌ನಿಂದ ಆ ವಿನಾಯಿತಿಯೂ ಹೋಯಿತು. ಈಗ ಡಿವಿಡೆಂಡ್ 'ಇತರ ಮೂಲಗಳ ಆದಾಯ', ಅಂದರೆ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಒಂದು ಕಂಪನಿಯಿಂದ ವರ್ಷಕ್ಕೆ 10,000 ದಾಟಿದರೆ ಕೊಡುವಾಗಲೇ ತೆರಿಗೆ ಅಂತ ಶೇ 10 ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 5,000 ಇತ್ತು. ನಿಮ್ಮ ಪಿಂಚಣಿ ಸೇರಿಸಿದರೂ ತೆರಿಗೆ ಬರುವುದಿಲ್ಲ. ಹಾಗಾಗಿ ರಿಟರ್ನ್ ಹಾಕಿದರೆ ಆ 1,200 ವಾಪಸ್ ಬರುತ್ತದೆ. ಸುಮ್ನೆ ಕೂತರೆ ಹೋದಂತೆಯೇ. ಮುಚ್ಚಿಟ್ಟರೂ ತೆರಿಗೆ ಇಲಾಖೆಯ ಎಐಎಸ್‌ನಲ್ಲಿ, ಅಂದರೆ ನಮ್ಮ ವರ್ಷದ ಆದಾಯದ ಪಟ್ಟಿಯಲ್ಲಿ, ಅದು ಕಾಣುತ್ತದೆ.

ದೊಡ್ಡಪ್ಪ, ಅಜ್ಜನ ಶೇರುಗಳ ಡಿವಿಡೆಂಡ್ ಏಳು ವರ್ಷ ಸತತವಾಗಿ ಯಾರೂ ತೆಗೆದುಕೊಳ್ಳದಿದ್ದರೆ ಶೇರುಗಳೇ ಸರ್ಕಾರದ ಐಇಪಿಎಫ್‌ಗೆ (ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ) ಹೋಗುತ್ತವೆ. ವಾರಸುದಾರರು ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ದಯವಿಟ್ಟು ಬೀರು ತೆಗೆದು ನೋಡಿ.

ಚಿಕ್ಕಪ್ಪ: ತುಂಬಾ ಉದ್ದ ಇದೆ. ಆಮೇಲೆ ಓದುತ್ತೇನೆ.

ಅಕ್ಕ: ಆ ಬೀರುವಿಗೆ ಹಸಿರು ಬಣ್ಣ ಅಲ್ವಾ?

ಸಂಜೆ ಅತ್ತೆ ಫೋನ್ ಮಾಡಿದರು. 'ಭಾನುವಾರ ಬಾ. ಪಾಸ್‌ಬುಕ್, ಪ್ಯಾನ್ ಕಾರ್ಡ್ ಎರಡೂ ತೆಗೆದಿಟ್ಟಿರುತ್ತೇನೆ.'