ಹಳೇ ಮನೆಯ ಅಡುಗೆಕೋಣೆ ಹೊಸತು ಮಾಡ್ತಾ ಇದ್ದೇವೆ, ಹಾಬ್, ಚಿಮ್ನಿ, ಗ್ರೈಂಡರ್ ಯಾವುದು ನೋಡುದು?

ಕಾಪು ಮನೆ:
ನಮಸ್ಕಾರ ಎಲ್ರಿಗೂ. ಕಾಪುವಿನಲ್ಲಿ ನಮ್ಮದು ಕೆಂಪುಕಲ್ಲಿನ ಹಳೇ ಮನೆ, ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಮಳೆಗಾಲದ ಮೊದಲು ಅಡುಗೆಕೋಣೆ ಮುಗಿಸ್ಬೇಕು, ಗ್ರಾನೈಟ್ ಇನ್ನೂ ಕೂರಿಸಿಲ್ಲ. ಮೆಷಿನ್‌ಗಳಿಗೆ ಅಂತ ಒಂದೂವರೆ ಲಕ್ಷ ಇಟ್ಟಿದ್ದೇವೆ. ಇಂಟೀರಿಯರ್‌ನವರು 4 ಬರ್ನರ್ ಹಾಬ್ (ಕಟ್ಟೆಯ ಕಲ್ಲಿನೊಳಗೆ ಇಳಿಸಿ ಕೂರಿಸುವ ಗ್ಯಾಸ್ ಒಲೆ), 90 ಸೆಂಟಿಮೀಟರ್ ಚಿಮ್ನಿ, ಗೋಡೆಯೊಳಗೆ ಕೂರುವ ಓವನ್, ಡಿಶ್‌ವಾಶರ್ ಎಲ್ಲ ಪ್ಲಾನಿಗೆ ಹಾಕಿದ್ದಾರೆ ಆದ್ರೆ ಗ್ರೈಂಡರ್‌ಗೆ ಜಾಗವೇ ಇಟ್ಟಿಲ್ಲ, ಅಮ್ಮ ಪ್ಲಾನ್ ನೋಡಿ "ಹಿಟ್ಟು ಎಲ್ಲಿ ಕಡೆಯುದು ಮಗಾ" ಅಂತ ಕೇಳಿದ್ರು. ಮನೇಲಿ ಐದು ಜನ, ದಿನಾ ಕುಚ್ಚಲಕ್ಕಿ ಅನ್ನ, ಹೆಚ್ಚಿನ ದಿನ ಮೀನು, ಬೆಳಿಗ್ಗೆ ದೋಸೆ ಇಲ್ಲಾಂದ್ರೆ ಇಡ್ಲಿ. ಯಾವುದಕ್ಕೆ ದುಡ್ಡು ಹಾಕುದು, ಯಾವುದು ಬಿಡುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುರತ್ಕಲ್ ಅಕ್ಕ:
ನಿಮ್ಮ ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ ಮಾರಾಯ್ರೆ. ನಮ್ಮ ಕಡೆ ಅಡುಗೆಯಲ್ಲಿ ಅರ್ಧ ಕೆಲಸ ಕಡೆಯುದೇ, ಹಾಗಾಗಿ ಮೊದಲು ಗ್ರೈಂಡರ್‌ನ ಜಾಗ ಗುರುತು ಮಾಡಿ ಆಮೇಲೆ ಉಳಿದದ್ದು. 2 ಲೀಟರ್‌ನ ಟಿಲ್ಟಿಂಗ್ ಗ್ರೈಂಡರ್, ಅಂದ್ರೆ ಬಗ್ಗಿಸಿ ಹಿಟ್ಟು ತೆಗೆಯುವಂಥದ್ದು, ಐದು ಜನರಿಗೆ ಧಾರಾಳ ಸಾಕು. ಎಲ್ಲಿಂದಲೋ ಎತ್ತಿ ತಂದು ಇಡುವ ಹಾಗಿದ್ರೆ ಯಾರೂ ಬಳಸುದಿಲ್ಲ, ಸಿಂಕಿನ ಪಕ್ಕ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಅದಕ್ಕೇ ಅಂತ ಒಂದು ಕಟ್ಟೆ ಮಾಡಿಸಿ, ತೊಳೆದ ನೀರು ನೇರ ಸಿಂಕಿಗೆ ಇಳಿಯುವ ಹಾಗೆ. ಇಡ್ಲಿಯ ಉದ್ದು ಕಲ್ಲಿನಲ್ಲಿ ಉಬ್ಬುವ ಹಾಗೆ ಮಿಕ್ಸಿಯಲ್ಲಿ ಉಬ್ಬುದಿಲ್ಲ. ಮೀನಿಗೆ ಕಾಯಿ ಮಸಾಲೆ ಕೂಡ ಗ್ರೈಂಡರ್‌ನಲ್ಲಿ ಬಿಸಿಯಾಗದೆ ಬೆಣ್ಣೆ ಹಾಗೆ ಬರ್ತದೆ. ನೀರ್ದೋಸೆ ಹಿಟ್ಟು, ಚಟ್ನಿಗೆಲ್ಲ 750 ವಾಟ್‌ನ ಒಂದು ಒಳ್ಳೇ ಮಿಕ್ಸಿ ಸಾಕು.

ಹಾಬ್ ನನಗೆ ಇಷ್ಟ ಇಲ್ಲ, ಬಿಚ್ಚಿ ಹೇಳ್ತೇನೆ. ಗ್ರಾನೈಟ್ ಕೊರೆದು ಇಳಿಸುದು, ಕೊರೆಯುವ ಅಳತೆ ಒಂದೊಂದು ಮಾಡೆಲ್‌ಗೆ ಒಂದೊಂದು, ಮುಂದೆ ಬಿಡಿಭಾಗ ಸಿಗದೆ ಬೇರೆ ತಗೊಂಡ್ರೆ ಕಲ್ಲೇ ಮತ್ತೆ ಕೊರೆಸ್ಬೇಕು. ಉಪ್ಪು ಗಾಳಿಗೆ ಅಡಿಯ ತಗಡು ತುಕ್ಕು ಹಿಡಿದ್ರೂ ಮೇಲಿಂದ ಕಾಣುದಿಲ್ಲ. ಒಲೆ ಇಡುವ ಭಾಗದ ಕಟ್ಟೆ ನಾಲ್ಕೈದು ಇಂಚು ತಗ್ಗಿಸಿ ಸಾಧಾರಣ ಗ್ಯಾಸ್ ಒಲೆ ಇಡಿ, ಅಮ್ಮನಿಗೆ ದೊಡ್ಡ ಪಾತ್ರೆಯೊಳಗೆ ಕೈ ಹಾಕಿ ಮಗುಚಲಿಕ್ಕೂ ಸುಲಭ. ಬರ್ನರ್ ಪೂರ್ತಿ ಹಿತ್ತಾಳೆಯದ್ದಾ ಅಂತ ಅಂಗಡಿಯಲ್ಲೇ ಬಿಚ್ಚಿ, ಕೈಯಲ್ಲಿ ಹಿಡಿದು ನೋಡಿ, ಕೆಲವದ್ರಲ್ಲಿ ಮೇಲಿನ ಮುಚ್ಚಳ ಮಾತ್ರ ಹಿತ್ತಾಳೆ ಕೆಳಗೆ ಅಲ್ಯೂಮಿನಿಯಂ. ಎರಡು ಬರ್ನರ್ ಮಧ್ಯೆ ಅಂತರ ಸಹ ನೋಡಿ, 4 ಬರ್ನರ್ ಅಂತ ಹೆಸರಿಗೆ ಇದ್ದು ಒಂದರಲ್ಲಿ ಕಾವಲಿ ಇಟ್ರೆ ಪಕ್ಕದ್ದರಲ್ಲಿ ಏನೂ ಇಡ್ಲಿಕ್ಕಾಗದ ಹಾಗೆ ಎಷ್ಟೋ ಒಲೆ ಉಂಟು. 3 ಬರ್ನರ್ ಅಗಲದ್ದು ಅದಕ್ಕಿಂತ ಎಷ್ಟೋ ಒಳ್ಳೇದು.

ಕುಚ್ಚಲಕ್ಕಿಗೆ ಎಲೆಕ್ಟ್ರಿಕ್ ಕುಕ್ಕರ್ ಬೇಡ, ಅದು ಬೆಳ್ತಿಗೆ (ಬಿಳಿ) ಅಕ್ಕಿಗೆ ಸರಿ. ಒಂದು ಕುದಿ ಬರಿಸಿ ಇಟ್ಟುಬಿಡುವ ಥರ್ಮಲ್ ಕುಕ್ಕರ್ ತಗೊಳ್ಳಿ, ಗ್ಯಾಸ್ ತುಂಬ ಉಳಿತದೆ.

ಬ್ರಹ್ಮಾವರ ವೈರಿಂಗ್:
ನಾನು ವೈರಿಂಗ್ ಕೆಲಸದವ. ಅಂಗಡಿಗೆ ಹೋಗುವ ಮೊದಲು ಯಾವ ಮೆಷಿನ್ ಎಲ್ಲಿ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೀರಿ, ಟೈಲ್ಸ್ ಬಿದ್ದ ಮೇಲೆ ಪಾಯಿಂಟ್ ಕೇಳಿದ್ರೆ ಎಕ್ಸ್‌ಟೆನ್ಶನ್ ಬೋರ್ಡೇ ಗತಿ. 2000 ವಾಟ್‌ನ ಇಂಡಕ್ಷನ್ ಒಂದೇ ಹತ್ತಿರ ಹತ್ತಿರ 9 ಆಂಪ್ಸ್ ಎಳೀತದೆ, ಅದಕ್ಕೆ 6 ಆಂಪ್ಸ್‌ನ ಸಣ್ಣ ಪ್ಲಗ್ ಆಗುದಿಲ್ಲ. ಇಂಡಕ್ಷನ್, ಓವನ್, ಡಿಶ್‌ವಾಶರ್ ಮೂರಕ್ಕೂ ಬೇರೆ ಬೇರೆ 16 ಆಂಪ್ಸ್ ಪಾಯಿಂಟ್, ಒಂದೊಂದಕ್ಕೂ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಆಫ್ ಆಗುವ ಸ್ವಿಚ್). ಹಳೇ ಮನೆ ಅಂದ್ರಲ್ಲ, ಅರ್ತಿಂಗ್ ಮೊದಲು ಚೆಕ್ ಮಾಡಿಸಿ, 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅಡುಗೆಕೋಣೆಯಲ್ಲಿ ಕೈ ಒದ್ದೆ, ನೆಲ ಒದ್ದೆ, ಇದರಲ್ಲಿ ಉಳಿತಾಯ ಮಾಡ್ಬೇಡಿ. ಸಿಡಿಲಿಗೆ ಬೋರ್ಡ್ ಸುಟ್ಟುಕೊಂಡ ಫ್ರಿಜ್, ಇಂಡಕ್ಷನ್ ಎಷ್ಟೋ ನೋಡಿದ್ದೇನೆ, ಮೈನ್ ಬೋರ್ಡಿನಲ್ಲಿ ದಿಢೀರ್ ಏರುವ ವೋಲ್ಟೇಜ್ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಇರ್ಲಿ, ಆದ್ರೂ ಗುಡುಗುವಾಗ ಪ್ಲಗ್ ತೆಗೆಯುದೇ ಸರಿ.

ಚಿಮ್ನಿ ಬಗ್ಗೆ ಒಂದು ಮಾತು. ಒಲೆಯಿಂದ 65ರಿಂದ 75 ಸೆಂಟಿಮೀಟರ್ ಮೇಲೆ ಬರ್ಬೇಕು, ಪೈಪ್ 6 ಇಂಚಿನದ್ದು, ಆದಷ್ಟು ನೇರ ಹೊರಗೆ. ಬೆಂಡ್ ಜಾಸ್ತಿಯಾದ ಹಾಗೆ ಎಳೆಯುವುದು ಕಡಿಮೆ ಆಗ್ತದೆ, ಡಬ್ಬದ ಮೇಲೆ ಬರೆದ ಸಕ್ಷನ್ ನಂಬರ್ ಎಷ್ಟಿದ್ರೂ ಅಷ್ಟೇ. ಕೆಂಪುಕಲ್ಲಿನ ಗೋಡೆ ಕೊರೆಯುದು ಕಷ್ಟ ಇಲ್ಲ.

ಮಲ್ಪೆ ಹತ್ತಿರದವರು:
ಬಂಗುಡೆ, ಬೂತಾಯಿ ಕಾಯಿಸುವ ಮನೆಗೆ ಚಿಮ್ನಿ ಬೇಕೇ ಬೇಕು. ಆದ್ರೆ ಪೈಪ್ ಇಲ್ಲದೆ ಕಾರ್ಬನ್ ಫಿಲ್ಟರ್‌ನಲ್ಲಿ ಅದೇ ಗಾಳಿ ತಿರುಗಿಸುವಂಥದ್ದು ತಗೊಳ್ಬೇಡಿ, ಸೆಕೆ ಹಾಗೇ ಉಳೀತದೆ. ತೊಳೆಯಲಿಕ್ಕೆ ಸುಲಭದ ಬ್ಯಾಫಲ್ ಫಿಲ್ಟರ್ (ಎಣ್ಣೆ ಹಿಡಿಯುವ ಬಾಗಿದ ಸ್ಟೀಲ್ ಪಟ್ಟಿಗಳದ್ದು) ನಮಗೆ ಸರಿ ಹೋಗಿದೆ. ಸಿಂಕ್, ಚಿಮ್ನಿ ಎರಡೂ 304 ದರ್ಜೆಯ ಸ್ಟೀಲ್ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಅಗ್ಗದ 202 ದರ್ಜೆಯದ್ದು ನಮ್ಮ ಗಾಳಿಗೆ ಬೇಗ ಕಲೆ ಬೀಳ್ತದೆ, ಆಯಸ್ಕಾಂತ ಹಿಡಿದು ನೋಡಿದ್ರೆ ಇವೆರಡರ ವ್ಯತ್ಯಾಸ ಗೊತ್ತಾಗುದಿಲ್ಲ. ಫ್ರಿಜ್ ತಗೊಳ್ಳುವಾಗ ಸ್ಟಾರ್ ಮಾತ್ರ ಎಣಿಸ್ಬೇಡಿ, ಅದೇ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರ್ತದೆ, ಒಂದೇ ಲೀಟರ್‌ನ ಎರಡು ಮಾಡೆಲ್ ಪಕ್ಕ ಪಕ್ಕ ಇಟ್ಟು ಅದನ್ನು ಓದಿ.

ಕಾಪು ಮನೆ:
ತುಂಬ ತುಂಬ ಥ್ಯಾಂಕ್ಸ್, ಅಮ್ಮನಿಗೆ ಓದಿ ಹೇಳಿದೆ, ಗ್ರೈಂಡರ್ ಕಟ್ಟೆ ಕೇಳಿ ಖುಷಿ ಆದ್ರು. ಓವನ್ ಬಿಡ್ತೇವೆ. ಇನ್ನೆರಡು ಉಂಟು: ಮುಂದೆ ಪೈಪ್ ಗ್ಯಾಸ್ ಬಂದ್ರೆ ಈಗಿನ ಒಲೆ ಆಗ್ತದಾ? ಮತ್ತೆ ಡಿಶ್‌ವಾಶರ್ ಬಾವಿ ನೀರಿಗೆ ಹೇಗೆ?

ಸುರತ್ಕಲ್ ಅಕ್ಕ:
ಒಲೆ ಅದೇ ಆಗ್ತದೆ, ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ ಮಾತ್ರ ಬದಲಿಸ್ಬೇಕು. ಪೈಪ್ ಗ್ಯಾಸ್‌ನ ಪ್ರೆಶರ್ ಕಡಿಮೆ, ಸಿಲಿಂಡರ್‌ನ ಸಣ್ಣ ತೂತಿನ ಜೆಟ್‌ನಲ್ಲಿ ಉರಿ ಸಾಕಾಗುದಿಲ್ಲ. ಕೊಚ್ಚಿ-ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯ್ತಲ್ಲ, ನಿಮ್ಮಲ್ಲಿಗೂ ಬರ್ಬಹುದು ಅಂತ ಈಗಲೇ ಗೋಡೆಯಲ್ಲಿ ಒಂದು ದಾರಿ ಇಟ್ಟುಕೊಳ್ಳಿ. ಇಂಡಕ್ಷನ್ ಒಂದು ಇರ್ಲಿ ಸಿಲಿಂಡರ್ ಮುಗಿದ ದಿನಕ್ಕೆ, ಮಣ್ಣಿನ ಪಾತ್ರೆ ಅದರಲ್ಲಿ ಬಿಸಿಯೇ ಆಗುದಿಲ್ಲ, ಅಮ್ಮ ಮೀನು ಸಾರು ಮಣ್ಣಿನದ್ದರಲ್ಲೇ ಮಾಡುದಾದ್ರೆ ಗ್ಯಾಸೇ.

ಡಿಶ್‌ವಾಶರ್‌ಗೆ ನೀರು ಮೊದಲು ಪರೀಕ್ಷೆ ಮಾಡಿಸಿ. ಬಕೆಟ್ ಅಡಿಯಲ್ಲಿ ಕೆಂಪು ಕೂರ್ತದಾ ನೋಡಿ, ಕಬ್ಬಿಣದ ಅಂಶ ಇದ್ರೆ ಪಾತ್ರೆ, ಮೆಷಿನ್ ಎರಡೂ ಹಳದಿ ಆಗ್ತದೆ. ಬೇಸಿಗೆ ಕೊನೆಗೆ ನೀರು ಉಪ್ಪಾಗುವ ಬಾವಿಯಾದ್ರೆ ಏಪ್ರಿಲ್ ಮೇಯಲ್ಲಿ ಇನ್ನೊಂದು ಸಲ ಪರೀಕ್ಷೆ. ಈಗ ನಲ್ಲಿ, ಡ್ರೈನ್, ಪ್ಲಗ್ ಮೂರೂ ಇಟ್ಟು ಜಾಗ ಖಾಲಿ ಬಿಡಿ, ಮೆಷಿನ್ ಆಮೇಲೆ ತಂದ್ರಾಯ್ತು.

ಬ್ರಹ್ಮಾವರ ವೈರಿಂಗ್:
ಚಿಮ್ನಿ ತೂತು ಯಾವ ಗೋಡೆಗೆ ಅಂತ ಒಂದು ಫೋಟೋ ಹಾಕಿ ಅಣ್ಣ. ಪಡುವಣದ ಗೋಡೆ ಆದ್ರೆ ಮಳೆಗಾಲದಲ್ಲಿ ಗಾಳಿ ಮಳೆ ನೇರ ಪೈಪಿನೊಳಗೆ ಹೊಡೀತದೆ, ತಿರುಗಿಸಲಿಕ್ಕೆ ಆಗದಿದ್ರೆ ಪೈಪ್ ಹೊರಗಡೆ ಸ್ವಲ್ಪ ಇಳಿಜಾರು ಮಾಡಿ ಬಾಯಿಗೆ ಮುಚ್ಚಳ ಬೀಳುವ ಫ್ಲಾಪ್ ಹಾಕಿಸ್ಬೇಕು.