ಶಿಟ್ಜು ಮರಿಗೆ ಲಿವರ್ ಶಂಟ್ ಇರಬಹುದಂತೆ. ಕಮ್ಮಿ ಖರ್ಚಲ್ಲಿ ಟೆಸ್ಟ್, ಚಿಕಿತ್ಸೆ ಹೇಗೆ?

ಸೌಮ್ಯ, ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಪುಟ್ಟಿ ಅಂತ ಒಂದು ಶಿಟ್ಜು ಜಾತಿ ನಾಯಿಮರಿ ಇದೆ. ಹನ್ನೊಂದು ತಿಂಗಳು ತುಂಬಿದೆ, ತೂಕ ಮಾತ್ರ ಮೂರೂಕಾಲು ಕೆ.ಜಿ. ದಾಟ್ತಾ ಇಲ್ಲ. ಇದರ ಜೊತೆಗೇ ಹುಟ್ಟಿದ ಗಂಡುಮರಿ ನಮ್ಮ ನಾದಿನಿ ಮನೇಲಿದೆ, ಅದು ಆಗಲೇ ಆರು ಕೆ.ಜಿ. ಮಾರಿದವರನ್ನ ಕೇಳಿದ್ರೆ "ಹೆಣ್ಣುಮರಿ ಅಲ್ವಾ ಮೇಡಂ, ಹಿಂಗೇ ಪುಟ್ಟದಾಗಿ ಮುದ್ದಾಗಿರುತ್ತೆ" ಅಂತಾರೆ.

ಭಾನುವಾರ ಚಿಕನ್ ಹಾಕಿದ ಮೇಲೆ ಒಂದೆರಡು ಗಂಟೆಗೆ ಫ್ರಿಜ್ಜು ಮತ್ತು ಗೋಡೆ ನಡುವಿನ ಸಂದಿಗೆ ಹೋಗಿ, ಹಣೆ ಗೋಡೆಗೆ ಒತ್ತಿಕೊಂಡು ನಿಂತುಬಿಡ್ತಾಳೆ. ಹೆಸರು ಹಿಡಿದು ಕೂಗಿದ್ರೂ ತಿರುಗಲ್ಲ. ಬಾಯಲ್ಲಿ ಜೊಲ್ಲು. ಬೆಳಗಾದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡ್ತಾಳೆ.

ಇಲ್ಲಿನ ಡಾಕ್ಟರು ರಕ್ತ ತೆಗೆಸಿದ್ರು. ಯೂರಿಯಾ ಕಮ್ಮಿ, ಅಲ್ಬುಮಿನ್ ಕಮ್ಮಿ, ಲಿವರ್ ಟೆಸ್ಟಿನ ಎಸ್‌ಜಿಪಿಟಿ ಸ್ವಲ್ಪ ಜಾಸ್ತಿ. "ಪೋರ್ಟೋಸಿಸ್ಟಮಿಕ್ ಶಂಟ್, ಅಂದ್ರೆ ಲಿವರ್ ಶಂಟ್ ಇರಬಹುದು, ಬೆಂಗಳೂರಲ್ಲಿ ತೋರಿಸಿ" ಅಂದ್ರು. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಗೆ ಫೋನ್ ಮಾಡಿದ್ರೆ ಸಿಟಿ ಸ್ಕ್ಯಾನು, ಆಪರೇಷನ್ನು ಎಲ್ಲಾ ಸೇರಿ ಒಂದೂವರೆಯಿಂದ ಎರಡು ಲಕ್ಷ, ಮುಂಗಡ ಕಟ್ಟಿ ಬನ್ನಿ ಅಂತಾರೆ. ನಾನು ಮನೇಲಿ ಬ್ಲೌಸ್ ಹೊಲೀತೀನಿ, ಯಜಮಾನರು ಗ್ಯಾರೇಜಲ್ಲಿ ಮೆಕ್ಯಾನಿಕ್. ಅತ್ತೆ "ಆ ದುಡ್ಡಿಗೆ ಎರಡು ಹಸು ಬರ್ತವೆ" ಅಂತ ಒಂದೇ ಮಾತಲ್ಲಿ ಮುಗಿಸಿದ್ರು.

ಮೊದಲು ಯಾವ ಟೆಸ್ಟ್ ಮಾಡಿಸಲೇಬೇಕು, ಯಾವುದು ಬಿಟ್ಟರೂ ನಡೆಯುತ್ತೆ? ಬರೀ ಔಷಧಿ ಮೇಲೆ ಇಟ್ಟುಕೊಳ್ಳೋಕೆ ಆಗುತ್ತಾ? ಅನುಭವ ಇರೋರು ದಯವಿಟ್ಟು ಹೇಳಿ.

ಮಂಜು, ತುಮಕೂರು

ಇದಕ್ಕೆಲ್ಲಾ ಲಕ್ಷ ಯಾಕೆ ಮೇಡಂ. ಒಂದು ಲಿವರ್ ಟಾನಿಕ್ ಬಾಟಲಿ ತಂದು ಹಾಕಿ, ದಿನಾ ಸ್ವಲ್ಪ ಕೋಳಿ ಲಿವರ್ ಬೇಯಿಸಿ ಕೊಡಿ. ಲಿವರ್‌ಗೆ ಲಿವರ್ರೇ ಔಷಧಿ. ನಮ್ಮ ಲ್ಯಾಬ್ರಡಾರ್ ನಾಯಿ ಕಾಮಾಲೆ ಬಂದಾಗ ಹಿಂಗೇ ಎದ್ದು ಕೂತಿದ್ದು.

ಶಶಿಕಲಾ, ಯಲಹಂಕ

ಸೌಮ್ಯ ಅವರೇ, ಮೇಲಿನ ಲಿವರ್ ಸಲಹೆ ಮಾತ್ರ ಬೇಡ. ಮಂಜು ಅವರು ಒಳ್ಳೇ ಮನಸ್ಸಿಂದಲೇ ಹೇಳಿರ್ತಾರೆ, ಆದ್ರೆ ಅವರ ನಾಯಿ ಕಾಯಿಲೆ ಬೇರೆ, ಇದು ಬೇರೆ. ಮಾಂಸ ಕರುಳಲ್ಲಿ ಅರಗುವಾಗ ಅಮೋನಿಯಾ ಹುಟ್ಟುತ್ತೆ. ಕರುಳಿನ ರಕ್ತ ಪೋರ್ಟಲ್ ರಕ್ತನಾಳದಲ್ಲಿ ಲಿವರ್‌ಗೆ ಬಂದು, ಅಲ್ಲಿ ಆ ಅಮೋನಿಯಾ ಯೂರಿಯಾ ಆಗಿ ಬದಲಾಗಿ ಮೂತ್ರದಲ್ಲಿ ಆಚೆ ಹೋಗಬೇಕು. ಶಂಟ್ ಅಂದ್ರೆ ಒಂದು ಬೈಪಾಸ್ ರಸ್ತೆ. ಊರೊಳಗೆ ಬಂದು ಚೆಕ್‌ಪೋಸ್ಟಲ್ಲಿ ನಿಲ್ಲಬೇಕಾದ ಲಾರಿ ಸೀದಾ ಹೈವೇ ಹತ್ತುತ್ತೆ. ಅಮೋನಿಯಾ ಹಾಗೇ ಮೆದುಳಿಗೆ ಹೋಗುತ್ತೆ. ಪುಟ್ಟಿ ಹಣೆ ಒತ್ತಿ ನಿಲ್ಲೋದು ಅದಕ್ಕೆ, ರಿಪೋರ್ಟಲ್ಲಿ ಯೂರಿಯಾ ಕಮ್ಮಿ ಬಂದಿರೋದೂ ಅದಕ್ಕೇ. ಕೋಳಿ ಲಿವರ್ ಹಾಕಿದ್ರೆ ಇನ್ನೂ ಜಾಸ್ತಿ ಆಗುತ್ತೆ.

ನಮ್ಮ ಪಗ್ ಬಂಟಿಗೆ 2022ರಲ್ಲಿ ಇದೇ ಆಗಿದ್ದು. ನಾನು ಬ್ಯಾಂಕಿನ ಕ್ಯಾಶ್ ಕೌಂಟರಲ್ಲಿ ಕೂತು ರಿಟೈರ್ ಆದವಳು, ಒಂದೊಂದು ರಸೀದಿನೂ ಫೈಲಲ್ಲಿದೆ. ಆ ಫೈಲು ತಿರುವಿ ಹಾಕಿದ್ರೆ ಗೊತ್ತಾಗೋದು ಇಷ್ಟೇ: ದುಡ್ಡು ಪೋಲಾಗೋದು ಟೆಸ್ಟ್ ಮಾಡಿಸಿದ್ದಕ್ಕಲ್ಲ, ಹಿಂದಿಂದು ಮುಂದೆ ಮುಂದಿಂದು ಹಿಂದೆ ಮಾಡಿಸಿದ್ದಕ್ಕೆ.

ಶುರು ಮೂತ್ರದಿಂದ ಮಾಡಿ. ಎಲ್ಲಕ್ಕಿಂತ ಅಗ್ಗ. ಬೆಳಗ್ಗೆ ಅವಳು ಕೂರುವಾಗ ಹಿಂದಿನಿಂದ ಒಂದು ಹಳೇ ಸಾರಿನ ಸೌಟು ಕೆಳಗೆ ಜಾರಿಸಿ ಹಿಡಿಯಿರಿ. ಬಟ್ಟಲು ಹಿಡಿದ್ರೆ ಎದ್ದು ಓಡ್ತಾವೆ, ಸೌಟಿನ ಹಿಡಿ ಉದ್ದ ಇರೋದ್ರಿಂದ ಗೊತ್ತಾಗಲ್ಲ. ಆಮೇಲೆ ಆ ಸೌಟು ಅಡುಗೆಮನೆಗೆ ವಾಪಸ್ ಬರಲ್ಲ ಅಂತ ಅತ್ತೆಯವರಿಗೆ ಮೊದಲೇ ಹೇಳಿಬಿಡಿ. ಹೊಸದಾಗಿ ಹಿಡಿದದ್ದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಅಮೋನಿಯಂ ಬೈಯುರೇಟ್ ಹರಳು ಕಂಡರೆ ಅನುಮಾನ ಗಟ್ಟಿ ಆಗುತ್ತೆ. ಈ ಹರಳೇ ಕೂಡಿಕೊಂಡು ಮೂತ್ರಚೀಲದಲ್ಲಿ ಕಲ್ಲಾಗುತ್ತೆ. ಆ ಕಲ್ಲು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣೋದಿಲ್ಲ, ಹಾಗಾಗಿ ಎಕ್ಸ್‌ರೇಗೆ ದುಡ್ಡು ಕೊಡೋ ಮೊದಲು ಯಾತಕ್ಕೆ ಅಂತ ಕೇಳಿ.

ಎರಡನೇದು ಬೈಲ್ ಆಸಿಡ್ ಟೆಸ್ಟ್, ಅಂದ್ರೆ ಪಿತ್ತರಸದ ಆಮ್ಲ ರಕ್ತದಲ್ಲಿ ಎಷ್ಟಿದೆ ಅಂತ ನೋಡೋದು. ಇದನ್ನ ಬಿಡಲೇಬೇಡಿ. ರಾತ್ರಿಯಿಂದ ಖಾಲಿ ಹೊಟ್ಟೆ, ಬೆಳಗ್ಗೆ ಒಂದು ಸಲ ರಕ್ತ. ಆಮೇಲೆ ಸ್ವಲ್ಪ ಊಟ, ಸರಿಯಾಗಿ ಎರಡು ಗಂಟೆ ಬಿಟ್ಟು ಇನ್ನೊಂದು ಸಲ. ಎರಡೂ ಬೇಕು, ಯಾಕಂದ್ರೆ ಒಂದೊಂದು ಸಲ ಖಾಲಿ ಹೊಟ್ಟೆದೇ ಜಾಸ್ತಿ ಬಂದು ಊಟದ ನಂತರದ್ದು ಕಮ್ಮಿ ಇರುತ್ತೆ. ಆರೋಗ್ಯವಾಗಿರೋ ನಾಯಿಗೆ ಊಟದ ನಂತರ ಸಾಮಾನ್ಯವಾಗಿ ಲೀಟರಿಗೆ 25 ಮೈಕ್ರೋಮೋಲ್ ಒಳಗೆ ಬರುತ್ತೆ. ಶಂಟ್ ಇದ್ದರೆ ಎಷ್ಟೋ ಸಲ 100 ದಾಟುತ್ತೆ. ಬಂಟಿದು 140 ಚಿಲ್ಲರೆ. ನಾಯಿ ಟೆಸ್ಟು ಹಾಸನದಲ್ಲಿ ಆಗಲ್ಲ ಅಂದ್ರೆ ಗಾಬರಿ ಬೇಡ. ಬಸುರಿಯರಿಗೆ ಮೈ ತುರಿಕೆ ಬಂದಾಗ ಡಾಕ್ಟರು ಬರೆಯೋದೂ ಇದೇ ಟೋಟಲ್ ಬೈಲ್ ಆಸಿಡ್ ಟೆಸ್ಟು, ಮನುಷ್ಯರ ಲ್ಯಾಬುಗಳೂ ಮಾಡ್ತಾವೆ. ನಾಯಿ ಸ್ಯಾಂಪಲ್ ಅಂದ್ರೆ ಕೆಲವರು ಮುಖ ತಿರುಗಿಸ್ತಾರೆ, ಅದಕ್ಕೆ ನಿಮ್ಮ ಡಾಕ್ಟರ ಕಡೆಯಿಂದಲೇ ಕಳಿಸಿ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಬೇರೆ ಮಾಡಿ ಐಸ್ ಪ್ಯಾಕಲ್ಲಿ ಇಟ್ಟರೆ ಬೆಂಗಳೂರಿಗೆ ಬರೋ ತನಕ ಕೆಡಲ್ಲ.

ಅಮೋನಿಯಾ ಟೆಸ್ಟಿಗೆ ಮಾತ್ರ ಈ ಧೈರ್ಯ ಹೇಳಲ್ಲ. ರಕ್ತ ತೆಗೆದ ಕೂಡಲೇ ಐಸಲ್ಲಿಟ್ಟು, ಅರ್ಧ ಗಂಟೆ ಒಳಗೆ ಅಲ್ಲೇ ಮೆಷೀನಿಗೆ ಹಾಕಬೇಕು. ಕೊರಿಯರ್ ಹತ್ತಿಸಿದ್ರೆ ಬರೋ ಸಂಖ್ಯೆಗೆ ಬೆಲೆ ಇಲ್ಲ.

ಈಗ ಸಿಟಿ ವಿಷಯ. ಅಲ್ಟ್ರಾಸೌಂಡಲ್ಲಿ ಶಂಟ್ ಕಾಣೋದು ಪ್ರೋಬ್ ಹಿಡಿದವರ ಅನುಭವದ ಮೇಲೆ. ನಮಗೆ ಒಂದು ಕಡೆ "ಎಲ್ಲಾ ನಾರ್ಮಲ್" ಅಂತ ಬರೆದುಕೊಟ್ಟಿದ್ರು. ಶಂಟ್ ಎಲ್ಲಿಂದ ಹೊರಟು ಎಲ್ಲಿ ಸೇರುತ್ತೆ ಅಂತ ಖಚಿತವಾಗಿ ತೋರಿಸೋದು ಡೈ ಹಾಕಿ ಮಾಡೋ ಸಿಟಿ ಆಂಜಿಯೋಗ್ರಾಮ್. ಆದ್ರೆ ಆಪರೇಷನ್ ಮಾಡೋ ಸರ್ಜನ್ ಯಾರು ಅಂತ ಗೊತ್ತಾಗೋ ತನಕ ಸಿಟಿ ಮಾಡಿಸಬೇಡಿ. ನಾವು ಸಿಟಿ ಮಾಡಿಸಿದ ಸೆಂಟರಲ್ಲಿ ಡೈ ಲಿವರ್ ಮುಟ್ಟೋ ಹೊತ್ತಿಗೆ ತೆಗೆಯಬೇಕಾದ ಚಿತ್ರಗಳನ್ನೇ ತೆಗೆದಿರಲಿಲ್ಲ, ಮೇಲಾಗಿ ಡಿಸ್ಕ್ ಕೊಡದೆ ಎರಡು ಫಿಲ್ಮ್ ಕೈಗಿಟ್ಟರು. ಸರ್ಜನ್ ಅದನ್ನ ಬೆಳಕಿಗೆ ಹಿಡಿದು ನೋಡಿ "ಇದರ ಮೇಲೆ ಹೊಟ್ಟೆ ಕೊಯ್ಯೋಕಾಗಲ್ಲಮ್ಮ" ಅಂದ್ರು. ಮತ್ತೆ ಅರಿವಳಿಕೆ, ಮತ್ತೆ ಸಿಟಿ, ಮತ್ತೆ ಬಿಲ್ಲು. ಅರಿವಳಿಕೆಯೇ ಈ ನಾಯಿಗಳಿಗೆ ಕಷ್ಟ, ಆ ಔಷಧಿ ಇಳಿಸಬೇಕಾದ್ದು ಅದೇ ಲಿವರ್ ತಾನೆ.

ಹೋಗೋದು ಎಲ್ಲಿಗೆ ಅಂದ್ರೆ, ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ರಕ್ತ, ಮೂತ್ರ, ಸ್ಕ್ಯಾನಿಗೆ ಮೊದಲು ಅಲ್ಲಿ ವಿಚಾರಿಸಿ. ದೊಡ್ಡ ಕೆಲಸಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಕಾಯಬೇಕು, ಸಾಲಲ್ಲಿ ನಿಮ್ಮ ಹಿಂದೆ ಒಂದು ಮೇಕೆ ಕೂಡ ನಿಂತಿರುತ್ತೆ, ಆದ್ರೆ ಶುಲ್ಕ ಖಾಸಗಿಗಿಂತ ತುಂಬಾ ಕಮ್ಮಿ. ಅಲ್ಲಿ ಸರ್ಜರಿ ವಿಭಾಗದಲ್ಲಿ "ಶಂಟ್ ಕೇಸ್ ಯಾರು ಮಾಡ್ತಾರೆ" ಅಂತಲೇ ಕೇಳಿ. ಅಲ್ಲಿ ಆಗದಿದ್ದರೆ ಎಲ್ಲಿ ಆಗುತ್ತೆ ಅಂತ ಅವರಿಗೇ ಗೊತ್ತಿರುತ್ತೆ.

ಸಣ್ಣ ಜಾತಿಗಳಲ್ಲಿ ಶಂಟ್ ಹೆಚ್ಚಾಗಿ ಲಿವರಿನ ಹೊರಗಿರುತ್ತೆ, ಅದು ನಿಮ್ಮ ಪುಣ್ಯ. ಅದನ್ನ ಒಂದೇ ಸಲ ಕಟ್ಟಿಬಿಟ್ಟರೆ ಒತ್ತಡ ತಡೆಯೋಕಾಗಲ್ಲ, ಅದಕ್ಕೆ ನಿಧಾನವಾಗಿ ಮುಚ್ಚಿಕೊಳ್ಳೋ ಹಾಗೆ ಮಾಡ್ತಾರೆ. ಒಂದು ದಾರಿ ಅಮೆರಾಯ್ಡ್ ಅನ್ನೋ ಉಂಗುರ. ಒಳಗಿನ ಕೇಸೀನ್ ಅನ್ನೋ ಹಾಲಿನ ಪ್ರೋಟೀನ್ ನೀರು ಹೀರಿ ಉಬ್ಬಿ ವಾರಗಟ್ಟಲೆಯಲ್ಲಿ ನಾಳ ಮುಚ್ಚುತ್ತೆ. ಉಂಗುರ ಹೊರದೇಶದಿಂದ ಬರಬೇಕು, ದುಬಾರಿ. ಇನ್ನೊಂದು ದಾರಿ ಸೆಲೋಫೇನ್ ಪಟ್ಟಿ ಸುತ್ತೋದು. ಅದಕ್ಕೆ ಸಾಮಾನಿನ ಖರ್ಚು ಹೆಚ್ಚೇನಿಲ್ಲ. ಬಂಟಿಗೆ ಸುತ್ತಿದ್ದು ಪಟ್ಟಿನೇ. ಎರಡನೇ ಸಿಟಿಯೂ ಸೇರಿ ನಮಗೆ ಎಪ್ಪತ್ತು ಸಾವಿರದ ಹತ್ತಿರ ಆಯ್ತು. ಹೆಣ್ಣುಮರಿ ಆದ್ರಿಂದ ಸಂತಾನಹರಣ ಆಪರೇಷನ್ನೂ ಅದೇ ಅರಿವಳಿಕೆಯಲ್ಲಿ ಆಗುತ್ತಾ ಕೇಳಿ.

ಇನ್ಶೂರೆನ್ಸ್ ಇದ್ದರೆ ಕಾಗದ ಓದಿ ನೋಡಿ, ಆದ್ರೆ ಹುಟ್ಟಿನಿಂದ ಬಂದದ್ದು ಅಂತ ತಳ್ಳಿಹಾಕೋದೇ ಹೆಚ್ಚು.

ಬಸವರಾಜ, ಧಾರವಾಡ

ಅಕ್ಕಾರ, ನಮ್ಮ ಪಮೇರಿಯನ್ ನಾಯಿಗೂ ಇದ ಐತ್ರಿ. ಆಪರೇಷನ್ನಿಗೆ ರೊಕ್ಕ ಹೊಂದಲಿಲ್ಲ, ಔಷಧದ ಮ್ಯಾಲೇ ಇಟ್ಟೀವಿ. ನಾಲ್ಕ ವರ್ಷ ದಾಟೇತಿ, ಇನ್ನೂ ಗೇಟಿನ್ಯಾಗ ಪೋಸ್ಟ್‌ಮನ್ ಕಂಡ್ರ ಬೊಗಳತೈತಿ.

ಮುಖ್ಯ ಔಷಧ ಅಂದ್ರ ಲ್ಯಾಕ್ಟುಲೋಸ್. ಮಂದಿಗೆ ಮಲಬದ್ಧತೆಗೆ ಕೊಡೂ ಸಿಹಿ ಸಿರಪ್ ಅದ. ಜನೌಷಧಿ ಅಂಗಡಿಯಾಗ ಕೇಳ್ರಿ, ಭಾಳ ಸೋವಿ ಸಿಗತೈತಿ. ಎಷ್ಟು ಹಾಕಬೇಕು ಅನ್ನೂದು ಹೇಲು ನೋಡಿ ಹೊಂದಿಸೂದು. ದಿನಕ್ಕ ಎರಡು-ಮೂರು ಸಲ ಮೆತ್ತಗ ಆಗಬೇಕು, ನೀರಾಗಬಾರದು. ಗಟ್ಟಿ ಆದ ದಿನ ನಮ್ಮದು ಮಂಕಾಗಿ ಕುಂದರತೈತಿ, ನೋಡಿದ ಕೂಡಲೇ ತಿಳೀತೈತಿ.

ಊಟ ಅಂದ್ರ ಮೆತ್ತಗ ಮಾಡಿದ ಅನ್ನ, ಮನ್ಯಾಗ ಹಾಲು ಒಡಿಸಿ ಮಾಡಿದ ಪನೀರು, ಒಮ್ಮೊಮ್ಮೆ ಬೇಯಿಸಿದ ತತ್ತಿ. ಒಂದ ಸಲಕ್ಕ ಹೊಟ್ಟಿ ತುಂಬ ಹಾಕೂದಿಲ್ಲ, ನಾಕ ಸಲ ಸ್ವಲ್ಪ ಸ್ವಲ್ಪ. ಮಟನ್, ಲಿವರ್ ಬಂದ್. ಅಂಗಡಿಯಾಗ ಲಿವರ್ ಬ್ಯಾನಿ ನಾಯಿಗೆ ಹೆಪ್ಯಾಟಿಕ್ ಅಂತ ಡ್ರೈ ಫುಡ್ ಸಿಗತೈತಿ, ಚಲೋ ಐತಿ, ಖರೆ ನಮ್ಮ ಪಗಾರಕ್ಕ ತಿಂಗಳಾ ತಿಂಗಳಾ ಆಗೂದಿಲ್ಲ. ಡಾಕ್ಟರಿಗೆ ತೋರಿಸಿ ಮನೀ ಊಟಾನ ಹೊಂದಿಸಿಕೊಂಡೀವಿ.

ಒಬ್ಬ ಪಶುವೈದ್ಯ, ಶಿವಮೊಗ್ಗ

ಶಶಿಕಲಾ ಮತ್ತು ಬಸವರಾಜ ಅವರ ಎರಡೂ ಉತ್ತರ ಚೆನ್ನಾಗಿವೆ. ಒಂದಷ್ಟು ಸೇರಿಸುತ್ತೇನೆ.

ಪ್ರೋಟೀನ್ ಪೂರ್ತಿ ನಿಲ್ಲಿಸಬೇಡಿ. ಬೆಳೆಯುವ ಮರಿ, ಅಲ್ಬುಮಿನ್ ಬೇರೆ ಕಮ್ಮಿ ಇದೆ. ಹಾಲಿನ, ಮೊಟ್ಟೆಯ, ಸೋಯಾದ ಪ್ರೋಟೀನ್ ಮಾಂಸಕ್ಕಿಂತ ಚೆನ್ನಾಗಿ ಹಿಡಿಸುತ್ತದೆ. ಬರೀ ಅನ್ನ-ಸಾರಿನ ಮೇಲೆ ಇಟ್ಟು, ಸೊರಗಿದ ಮೇಲೆ ತರುವವರನ್ನು ನೋಡುತ್ತಿರುತ್ತೇನೆ. ಸಾರಿನಲ್ಲಿ ಈರುಳ್ಳಿ ಇದ್ದರೆ ಅದೊಂದು ಬೇರೆ ತೊಂದರೆ.

ಜಂತುಹುಳಕ್ಕೆ ಔಷಧಿ ತಪ್ಪಿಸಬೇಡಿ. ಕೊಕ್ಕೆಹುಳ ಕರುಳಲ್ಲಿ ರಕ್ತ ಸೋರಿಸಿದರೆ ಆ ರಕ್ತವೂ ಪ್ರೋಟೀನೇ, ಅಮೋನಿಯಾ ಏರುತ್ತದೆ. ಮೆಟ್ರೋನಿಡಜೋಲ್ ಎಂಬ ಆಂಟಿಬಯೋಟಿಕ್ ಬರೆದುಕೊಟ್ಟರೆ ಹೇಳಿದ ಪ್ರಮಾಣ ಮೀರಬೇಡಿ. ಇಂಥ ನಾಯಿಗಳಿಗೆ ಕಮ್ಮಿ ಡೋಸ್ ಕೊಡುತ್ತೇವೆ, ಹೆಚ್ಚಾದರೆ ಅದರಿಂದಲೇ ತೂರಾಡುತ್ತವೆ. ಫಿಟ್ಸ್‌ಗೆ ಲೆವೆಟಿರಾಸೆಟಮ್ ಬಳಸುತ್ತೇವೆ, ಅದರ ಜೆನೆರಿಕ್ ಅಗ್ಗ. ಮೂರು ಕೆ.ಜಿ. ನಾಯಿಗೆ ಸಿರಪ್ಪೇ ಅನುಕೂಲ, ಆದರೆ ಬಾಟಲಿ ಮೇಲೆ ಝೈಲಿಟಾಲ್ ಅಂತ ಇದ್ದರೆ ವಾಪಸ್ ಕೊಡಿ. ಆ ಸಿಹಿ ನಾಯಿಗೆ ವಿಷ.

ಬೈಲ್ ಆಸಿಡ್ ಜಾಸ್ತಿ ಬಂದ ಮಾತ್ರಕ್ಕೆ ಶಂಟ್ ಎಂದು ತೀರ್ಮಾನಿಸುವ ಹಾಗಿಲ್ಲ. ಲಿವರಿನೊಳಗಿನ ಸಣ್ಣ ಸಣ್ಣ ರಕ್ತನಾಳಗಳೇ ಸರಿಯಾಗಿ ಬೆಳೆಯದ ಇನ್ನೊಂದು ತೊಂದರೆ ಇದೆ, ಅದರಲ್ಲೂ ಏರುತ್ತದೆ. ಅದಕ್ಕೆ ಆಪರೇಷನ್ ಇಲ್ಲ. ಸಿಟಿ ಬೇಕಾಗುವುದು ಇದಕ್ಕೂ ಹೌದು.

ಔಷಧಿಯ ಮೇಲೆ ವರ್ಷಗಟ್ಟಲೆ ಇರುವ ನಾಯಿಗಳಿವೆ. ಆದರೂ ಆಪರೇಷನ್‌ಗೆ ಒಗ್ಗುವ ಶಂಟ್ ಆಗಿದ್ದರೆ ಆಪರೇಷನ್ ಆದ ನಾಯಿಗಳೇ ಹೆಚ್ಚು ಕಾಲ ಬದುಕುತ್ತವೆ. ಇವತ್ತೇ ಮಾಡಿಸಬೇಕು ಎಂದೇನಿಲ್ಲ. ಔಷಧಿ, ಊಟ ಸರಿ ಮಾಡಿ ಕೆಲವು ವಾರ ಸ್ಥಿರವಾದ ಮೇಲೆ ಮಾಡಿಸುವುದೇ ಒಳ್ಳೆಯದು. ದುಡ್ಡು ಹೊಂದಿಸಲು ಆ ಸಮಯ ನಿಮಗೆ ಸಿಗುತ್ತದೆ. ಮಧ್ಯೆ ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಮೂತ್ರ ಕಟ್ಟಿಕೊಂಡರೆ ಮಾತ್ರ ಕಾಯಬೇಡಿ.

ಸೌಮ್ಯ, ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೌಟು ಕೆಲಸ ಮಾಡ್ತು ಶಶಿಕಲಾ ಮೇಡಂ! ಮೂತ್ರದಲ್ಲಿ ನೀವು ಹೇಳಿದ ಹರಳೇ ಕಂಡಿದೆ. ಬೈಲ್ ಆಸಿಡ್ ನಮ್ಮ ಡಾಕ್ಟರೇ ಕಳಿಸಿಕೊಟ್ಟರು, ಖಾಲಿ ಹೊಟ್ಟೆದು 62, ಊಟ ಆದ ಮೇಲಿಂದು 168. ಲ್ಯಾಕ್ಟುಲೋಸ್ ಶುರುವಾಗಿದೆ, ಚಿಕನ್ ಬಂದ್ ಆಗಿದೆ. ಈ ಭಾನುವಾರ ಫ್ರಿಜ್ ಸಂದಿಗೆ ಹೋಗಲಿಲ್ಲ. ಪನೀರಿಗೆ ಹಾಲು ಒಡಿಸ್ತಾ ಇರೋರು ಅತ್ತೆನೇ, ಹಸು ಲೆಕ್ಕ ಸದ್ಯಕ್ಕೆ ನಿಂತಿದೆ.

ಹೆಬ್ಬಾಳಕ್ಕೆ ಹೋಗೋವಾಗ ಏನೇನು ತಗೊಂಡು ಹೋಗಬೇಕು? ಆಪರೇಷನ್ ಆದ ಮೇಲೆ ಅಲ್ಲೇ ಇರಬೇಕಾ?

ಶಶಿಕಲಾ, ಯಲಹಂಕ

168 ಅಂದ್ರೆ ಸಿಟಿ ತನಕ ಹೋಗೋದೇ ಸರಿ. ಎಲ್ಲಾ ರಿಪೋರ್ಟಿನ ಮೂಲಪ್ರತಿ, ತೂಕ ಬರೆದಿಟ್ಟ ಚೀಟಿ, ಹಣೆ ಒತ್ತಿ ನಿಂತಾಗಿನ ವಿಡಿಯೋ ಇದ್ದರೆ ಅದು. ನಾನು ಬಾಯಲ್ಲಿ ವರ್ಣಿಸಿದ್ದಕ್ಕಿಂತ ವಿಡಿಯೋ ನೋಡಿ ಡಾಕ್ಟರಿಗೆ ಬೇಗ ಅರ್ಥ ಆಯ್ತು. ಸಿಟಿಗೆ ಬರೆದುಕೊಟ್ಟರೆ ಡಿಸ್ಕಲ್ಲೇ ಕೊಡಬೇಕು ಅಂತ ದುಡ್ಡು ಕಟ್ಟೋ ಮೊದಲು ಕೌಂಟರಲ್ಲಿ ಹೇಳಿ. ಸಣ್ಣ ಮರಿಗೆ ದಾರಿಯಲ್ಲಿ ಸಕ್ಕರೆ ಅಂಶ ಇಳಿಯಬಹುದು, ಗ್ಲೂಕೋಸ್ ಪುಡಿ ಇಟ್ಟುಕೊಳ್ಳಿ, ಮಂಕಾದರೆ ನೀರಲ್ಲಿ ಕಲಸಿ ಒಸಡಿಗೆ ಹಚ್ಚೋದು.

ಆಪರೇಷನ್ ಆದ ಮೇಲೆ ಮೊದಲ ಕೆಲವು ದಿನ ಫಿಟ್ಸ್ ಬರೋ ಭಯ ಇರುತ್ತೆ, ಹೊಟ್ಟೆ ಊದಿಕೊಳ್ತಾ ಅಂತಲೂ ನೋಡಬೇಕು. ಅಷ್ಟು ದಿನ ಬೆಂಗಳೂರು ಬಿಟ್ಟು ಹೋಗಬೇಡಿ. ಲ್ಯಾಕ್ಟುಲೋಸ್ ಕೂಡ ಅವತ್ತೇ ನಿಲ್ಲಲ್ಲ. ಎರಡು-ಮೂರು ತಿಂಗಳಿಗೆ ಬೈಲ್ ಆಸಿಡ್ ಮತ್ತೆ ಮಾಡಿಸಿ, ಅದು ನೋಡಿಕೊಂಡು ಡಾಕ್ಟರು ಇಳಿಸ್ತಾ ಬರ್ತಾರೆ. ಉಳಿಯೋಕೆ ಲಾಡ್ಜಿಗೆ ಅಂತ ಖರ್ಚು ಮಾಡಬೇಡಿ, ಹೆಬ್ಬಾಳದಿಂದ ನಮ್ಮನೆ ದೂರ ಇಲ್ಲ, ಮೇಲಿನ ರೂಮು ಖಾಲಿ ಇದೆ. ನಂಬರ್ ಮೆಸೇಜಲ್ಲಿ ಕಳಿಸಿದ್ದೀನಿ. ಬಂಟಿ ಬೇರೆ ನಾಯಿ ಕಂಡರೆ ಗುರ್ ಅಂತಾನೆ, ಅವನನ್ನ ಕೆಳಗೇ ಇಟ್ಟುಕೊಳ್ತೀನಿ.