ಮಗನ ಕಣ್ಣು ಮಿಟುಕಿಸುವಿಕೆ, ಹೆಗಲು ಎಗರಿಸುವಿಕೆ: ಕಾರಣವೇನು, ಚಿಕಿತ್ಸೆ ಬೇಕೇ?

ಪ್ರಶ್ನೆ: ವಿದ್ಯಾನಗರದ ತಾಯಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ, ಮೂರನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕಳೆದ ದೀಪಾವಳಿಯ ಹೊತ್ತಿಗೆ ಅವನು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ ಮುಚ್ಚಿ ತೆರೆಯುವುದನ್ನು ಗಮನಿಸಿದೆ. ಪಟಾಕಿಯ ಹೊಗೆಗೆ ಕಣ್ಣು ಉರಿಯುತ್ತಿರಬಹುದೆಂದು ಸುಮ್ಮನಿದ್ದೆ. ಹದಿನೈದು ದಿನವಾದರೂ ನಿಲ್ಲದಿದ್ದಾಗ ಕಣ್ಣಿನ ವೈದ್ಯರಿಗೆ ತೋರಿಸಿದೆವು; ದೃಷ್ಟಿ ಸರಿಯಾಗಿದೆ, ಅಲರ್ಜಿ ಇರಬಹುದು ಎಂದು ಹನಿ ಔಷಧ ಬರೆದುಕೊಟ್ಟರು. ಸಂಕ್ರಾಂತಿಯ ವೇಳೆಗೆ ಕಣ್ಣಿನದು ಕಡಿಮೆಯಾಯಿತು. ಹನಿಯಿಂದ ಗುಣವಾಯಿತೆಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಬಲ ಹೆಗಲನ್ನು ಎಗರಿಸುವುದು ಶುರುವಾಯಿತು, ಈಗ ಒಂದು ತಿಂಗಳಿಂದ ಗಂಟಲು ಸರಿಮಾಡಿಕೊಳ್ಳುವವನಂತೆ "ಹ್ಞುಂ, ಹ್ಞುಂ" ಎನ್ನುತ್ತಿದ್ದಾನೆ. ನಿದ್ದೆಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಕೇರಂ ಆಡುವಾಗಲೂ ಇರುವುದಿಲ್ಲ; ಟಿವಿ ನೋಡುವಾಗ ಮತ್ತು ಪರೀಕ್ಷೆಯ ಹಿಂದಿನ ದಿನ ವಿಪರೀತವಾಗುತ್ತದೆ.

"ತರಗತಿಯಲ್ಲಿ ಬೇಕೆಂದೇ ಶಬ್ದ ಮಾಡುತ್ತಾನೆ" ಎಂದು ಶಾಲೆಯಿಂದ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ನಮ್ಮ ಅತ್ತೆಯವರು ಯಾರದೋ ದೃಷ್ಟಿ ತಾಗಿದೆ ಎನ್ನುತ್ತಾರೆ. ನಮ್ಮ ಮನೆಯವರು ಗದರುತ್ತಾರೆ. ನಾನೂ ಒಂದು ದಿನ ತಾಳ್ಮೆಗೆಟ್ಟು ಬೆನ್ನಿಗೆ ಏಟು ಕೊಟ್ಟುಬಿಟ್ಟೆ. "ಅಮ್ಮಾ, ನಾನು ಬೇಡ ಅಂದ್ರೂ ಅದೇ ಬರುತ್ತೆ" ಎಂದು ಅತ್ತ. ಆ ಮಾತು ನನ್ನನ್ನು ಬಿಡುತ್ತಿಲ್ಲ. ಇದು ಫಿಟ್ಸ್‌ನ ಲಕ್ಷಣವೇ? ಮೊಬೈಲ್‌ನಿಂದ ಬಂದದ್ದೇ? ನಾವು ಬೆಳೆಸಿದ ರೀತಿಯಲ್ಲೇ ತಪ್ಪಾಗಿದೆಯೇ? ಯಾವ ವೈದ್ಯರ ಬಳಿ ಹೋಗಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಕೆಲಸ ಮಾಡುವವರು, ದಾವಣಗೆರೆ

ಮೇಡಂ, ನಿಮ್ಮ ಮಗ ಹೇಳಿದ ಆ ಒಂದು ವಾಕ್ಯದಲ್ಲಿ ಇದರ ಬಹುಪಾಲು ವಿವರಣೆ ಇದೆ. ನೋಡದೆ ರೋಗನಿರ್ಣಯ ಮಾಡಲಾಗದು, ಆದರೂ ನೀವು ವರ್ಣಿಸಿದ್ದು ವೈದ್ಯರು ಟಿಕ್ಸ್ ಎಂದು ಕರೆಯುವ ಚಲನೆಗಳನ್ನೇ ಹೋಲುತ್ತದೆ. ಸೀನು ಬರುವ ಮುಂಚೆ ಮೂಗಿನಲ್ಲಿ ಕಚಗುಳಿಯಾಗುವಂತೆ, ಟಿಕ್ಸ್ ಬರುವ ಮುಂಚೆ ಆ ಜಾಗದಲ್ಲಿ ಒಂದು ಬಗೆಯ ಒತ್ತಡ ಹುಟ್ಟುತ್ತದೆ, ಆ ಚಲನೆ ಮಾಡಿದ ಮೇಲೆಯೇ ಅದು ಇಳಿಯುತ್ತದೆ. ಸ್ವಲ್ಪ ಹೊತ್ತು ತಡೆದುಕೊಳ್ಳಲು ಮಗುವಿಗೆ ಸಾಧ್ಯ. ಅದನ್ನು ಕಂಡೇ ದೊಡ್ಡವರು "ಬೇಕೆಂದೇ ಮಾಡುತ್ತಾನೆ" ಎಂದು ತಪ್ಪು ತಿಳಿಯುತ್ತಾರೆ.

ಮಿದುಳಿನ ಆಳದಲ್ಲಿ ಚಲನೆಗಳನ್ನು ಹದದಲ್ಲಿಡುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೂ ಮಿದುಳಿನ ಮುಂಭಾಗಕ್ಕೂ ನಡುವಿನ ಸಂಪರ್ಕದಲ್ಲಿ ಆಗುವ ವ್ಯತ್ಯಾಸ ಇದಕ್ಕೆ ಸಂಬಂಧಿಸಿದೆ. ವಂಶವಾಹಿಯ ಪಾತ್ರ ದೊಡ್ಡದು, ಹೀಗಾಗಿ ನಿಮ್ಮಿಬ್ಬರ ಮನೆತನದಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಇಂಥದ್ದು ಇತ್ತೇ ಎಂದು ಕೇಳಿ ನೋಡಿ. ಬೆಳೆಸಿದ ರೀತಿಯಿಂದ ಇದು ಬರುವುದಿಲ್ಲ. ಆತಂಕ, ಆಯಾಸ, ನಿದ್ದೆಗೆಡುವುದು ಇದನ್ನು ಹೆಚ್ಚಿಸುತ್ತವೆ. ರಾತ್ರಿ ಮೊಬೈಲ್ ಹಿಡಿದು ನಿದ್ದೆ ಕೆಟ್ಟರೆ ಆ ಮಟ್ಟಿಗೆ ಅದರದೂ ಪಾಲಿದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದ ನಡುವೆ ಆರಂಭವಾಗಿ, 10ರಿಂದ 12ರ ವಯಸ್ಸಿನಲ್ಲಿ ತೀವ್ರವಾಗಿ, ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಲ್ಲಿ ತಗ್ಗುತ್ತದೆ. ಒಂದು ಹೋಗಿ ಇನ್ನೊಂದು ಬರುವುದು ಇದರ ಸ್ವಭಾವ, ಆದ್ದರಿಂದ ಸಂಕ್ರಾಂತಿಯ ಹೊತ್ತಿಗೆ ಕಣ್ಣಿನದು ತಗ್ಗಿದ್ದು ಹನಿಯಿಂದಲೇ ಎನ್ನಲಾಗದು. ದೇಹದ ಹಲವು ಟಿಕ್ಸ್ ಜೊತೆಗೆ ಒಂದಾದರೂ ದನಿಯ ಟಿಕ್ಸ್ ಸೇರಿ ಒಂದು ವರ್ಷ ಮೀರಿದರೆ ಅದಕ್ಕೆ ಟುರೆಟ್ ಸಿಂಡ್ರೋಮ್ ಎನ್ನುತ್ತಾರೆ. 1885ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಜಿಲ್ ದ ಲಾ ಟುರೆಟ್ ಅವರ ಹೆಸರದು. ನಿಮ್ಮ ಮಗನಿಗೆ ಇನ್ನೂ ವರ್ಷ ತುಂಬಿಲ್ಲ, ಆ ಹೆಸರಿಗೆ ಈಗಲೇ ಹೆದರಬೇಡಿ.

ಫಿಟ್ಸ್‌ನಲ್ಲಿ ಸಾಮಾನ್ಯವಾಗಿ ಎಚ್ಚರ ತಪ್ಪುತ್ತದೆ, ಮತ್ತು ತಡೆದುಕೊಳ್ಳಲು ಆಗುವುದಿಲ್ಲ. ಅನುಮಾನವಿದ್ದರೆ ಮಾತ್ರ ವೈದ್ಯರು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ, ಮಾಡಿಸುತ್ತಾರೆ. ಆದರೆ ಗಂಟಲು ನೋವು, ಜ್ವರ ಬಂದುಹೋದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕೈಕಾಲು ಹೊಯ್ದಾಡುವುದು, ಅಕ್ಷರ ಕೆಡುವುದು, ಕೈಯಿಂದ ಲೋಟ ಜಾರುವುದು ಕಂಡರೆ ತಡಮಾಡಬೇಡಿ. ಅದು ಹೃದಯಕ್ಕೂ ಹಾನಿ ಮಾಡಬಲ್ಲ ರುಮ್ಯಾಟಿಕ್ ಜ್ವರದಲ್ಲಿ ಬರುವ, ಕೊರಿಯಾ ಎಂಬ ಹತೋಟಿಯಿಲ್ಲದ ಚಲನೆಯ ತೊಂದರೆ ಆಗಿರಬಹುದು. ಮೊದಲು ಮಕ್ಕಳ ವೈದ್ಯರನ್ನು ಕಾಣಿರಿ. ಹೋಗುವ ಮುನ್ನ, ಅವನ ಗಮನಕ್ಕೆ ಬಾರದಂತೆ, ಒಂದೆರಡು ನಿಮಿಷದ ವಿಡಿಯೋ ಮಾಡಿಕೊಳ್ಳಿ, ಏಕೆಂದರೆ ವೈದ್ಯರ ಮುಂದೆ ಕುಳಿತಾಗ ಇವು ಮಾಯವಾಗುವುದು ತುಂಬ ಸಾಮಾನ್ಯ.

ಉತ್ತರ 2: ಚಿತ್ರದುರ್ಗದಿಂದ ಒಬ್ಬ ತಾಯಿ

ಅಕ್ಕಾ, ಆ ಒಂದು ಏಟಿಗಾಗಿ ನಿಮ್ಮನ್ನು ನೀವೇ ಶಿಕ್ಷಿಸಿಕೊಳ್ಳಬೇಡಿ. ಮಗನನ್ನು ಹತ್ತಿರ ಕೂರಿಸಿಕೊಂಡು "ನನಗೆ ಗೊತ್ತಿರಲಿಲ್ಲ ಕಂದಾ" ಎಂದು ಹೇಳಿ. ನಾನು ಅದನ್ನು ಹೇಳುವುದಕ್ಕೆ ಎರಡು ವರ್ಷ ತಡಮಾಡಿದೆ. ನನ್ನ ಮಗಳಿಗೆ ಏಳರಲ್ಲಿ ಶುರುವಾಗಿ ಹನ್ನೊಂದರಲ್ಲಿ ಕುತ್ತಿಗೆ ನೋಯುವಷ್ಟು ತಲೆ ಒದರುತ್ತಿದ್ದಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಿದೆವು. ಅಲ್ಲಿ ಮೊದಲು ಕಲಿಸಿದ್ದು ಅಭ್ಯಾಸ ಬದಲಿಸುವ ತರಬೇತಿ: ಒತ್ತಡ ಬಂತೆಂದು ಗುರುತಿಸುವುದು, ಬಂದ ಕೂಡಲೇ ಆ ಚಲನೆಗೆ ಎಡೆಗೊಡದಂಥ ಇನ್ನೊಂದನ್ನು ಮಾಡುವುದು. ತಲೆ ಒದರಬೇಕೆನಿಸಿದಾಗ ಅವಳು ಗದ್ದವನ್ನು ಮೆಲ್ಲಗೆ ಎದೆಯ ಕಡೆಗೆ ತಂದು ಒತ್ತಡ ಇಳಿಯುವವರೆಗೆ ಹಾಗೆಯೇ ಹಿಡಿಯುತ್ತಿದ್ದಳು. ಅದರಿಂದ ಅರ್ಧದಷ್ಟು ಕಡಿಮೆಯಾಯಿತು, ಉಳಿದದ್ದಕ್ಕೆ ಸುಮಾರು ಒಂದೂವರೆ ವರ್ಷ ಕ್ಲೋನಿಡಿನ್ ಕೊಟ್ಟರು. ಆ ಮಾತ್ರೆಗೆ ತೂಕಡಿಕೆ ಬರುತ್ತದೆ, ಮತ್ತು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೇಬಾರದು. ಈಗ ಅವಳಿಗೆ ಹದಿನಾರು, ಪರೀಕ್ಷೆಯ ದಿನಗಳಲ್ಲಿ ಕಣ್ಣು ಮಿಟುಕಿಸುವುದು ಬಿಟ್ಟರೆ ಏನೂ ಇಲ್ಲ.

ಉತ್ತರ 1ರವರಿಂದ ಮತ್ತೆ

ಈ ಸಹೋದರಿ ಹೇಳಿದ ಕ್ರಮವೇ ಸರಿಯಾದದ್ದು. ನೋವು, ಅವಮಾನ ಅಥವಾ ಓದಿಗೆ ಅಡ್ಡಿ ಇಲ್ಲದಿದ್ದರೆ ಚಿಕಿತ್ಸೆಯೇ ಬೇಕಾಗದಿರಬಹುದು. ಬೇಕಾದರೆ ಮೊದಲು ತರಬೇತಿ, ಆಮೇಲೆ ಔಷಧ. 2010ರಲ್ಲಿ ಅಮೆರಿಕದ 126 ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ಪಷ್ಟವಾಗಿ ಸುಧಾರಿಸಿದರು, ಬರೀ ಸಾಂತ್ವನ ಮತ್ತು ತಿಳಿವಳಿಕೆ ಪಡೆದವರಲ್ಲಿ ಐವರಲ್ಲಿ ಒಬ್ಬರಿಗಿಂತ ಕಡಿಮೆ. ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂಥ ಔಷಧಗಳು ಟಿಕ್ಸ್ ತೀವ್ರವಾದವರಿಗೆ, ತೂಕ ಹೆಚ್ಚುವುದನ್ನು ಗಮನಿಸುತ್ತ ಕೊಡುವಂಥವು. ಗಮನ ನಿಲ್ಲದಿರುವಿಕೆ, ಗೀಳು ಇವೆಯೇ ಎಂದೂ ನೋಡಿಸಿ. ಎಷ್ಟೋ ಮಕ್ಕಳಿಗೆ ಟಿಕ್ಸ್‌ಗಿಂತ ಅವೇ ಹೆಚ್ಚು ತೊಂದರೆ ಕೊಡುತ್ತವೆ. ಯಾರನ್ನು ಕಾಣಬೇಕೆಂಬ ಗೊಂದಲವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಉತ್ತರ 3: ಹೊಳಲ್ಕೆರೆ ತಾಲ್ಲೂಕಿನ ಶಿಕ್ಷಕ

ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ತರಗತಿ ಶಿಕ್ಷಕರನ್ನು ನೀವೇ ಭೇಟಿಯಾಗಿ. ನನ್ನ ತರಗತಿಯಲ್ಲಿ ಇಂಥ ಒಬ್ಬ ಹುಡುಗನಿದ್ದ. ನಾನು "ನಿಲ್ಲಿಸು" ಎಂದಷ್ಟೂ ಹೆಚ್ಚಾಗುತ್ತಿತ್ತು. ತಾಯಿ ಬಂದು ವಿವರಿಸಿದ ಮೇಲೆ ಅವನನ್ನು ಬಾಗಿಲ ಪಕ್ಕ ಕೂರಿಸಿ, ಬೇಕೆನಿಸಿದಾಗ ಕೇಳದೆಯೇ ಹೊರಗೆ ಹೋಗಿ ನೀರು ಕುಡಿದು ಬರಲು ಬಿಟ್ಟೆ, ಉಳಿದ ಮಕ್ಕಳಿಗೂ ಅಣಕಿಸಬಾರದೆಂದು ಅವನಿಲ್ಲದ ದಿನ ಹೇಳಿದೆ. ಡೈರಿಯಲ್ಲಿ ದೂರು ಬರೆಯುವವರಲ್ಲಿ ಹೆಚ್ಚಿನವರಿಗೆ ವಿಷಯ ಗೊತ್ತಿರುವುದಿಲ್ಲ.

ವಿದ್ಯಾನಗರದ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ನಮ್ಮ ಮನೆಯವರು ಇದೆಲ್ಲವನ್ನೂ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು, ಆಮೇಲೆ ತಮಗೂ ಹೈಸ್ಕೂಲಿನವರೆಗೆ ಮೂಗು ಸೊಟ್ಟ ಮಾಡುವ ಚಾಳಿ ಇತ್ತೆಂದು ಹೇಳಿದರು. ಸೋಮವಾರ ಮಕ್ಕಳ ವೈದ್ಯರಿಗೆ ತೋರಿಸುತ್ತೇವೆ. ಅತ್ತೆಯವರು ದೃಷ್ಟಿ ತೆಗೆಯುವುದನ್ನು ಹೇಗೆ ನಿಲ್ಲಿಸಲಿ?

ಚಿತ್ರದುರ್ಗದ ತಾಯಿ

ನಿಲ್ಲಿಸಬೇಡಿ ಅಕ್ಕಾ, ಅದು ಅವರ ಅಕ್ಕರೆ. "ನೋಡು, ಮತ್ತೆ ಮಾಡಿದ" ಎಂದು ಅವನ ಎದುರಿಗೆ ಹೇಳುವುದೊಂದನ್ನು ಬಿಡಲಿ ಎಂದಷ್ಟೇ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಆ ಒಂದು ಮಾತು ನಿಂತ ಮೇಲೆಯೇ ಮಗಳು ನಮ್ಮೊಂದಿಗೆ ಕುಳಿತು ಊಟ ಮಾಡತೊಡಗಿದಳು.